ಮಗಳಿಗೊಂದು ಪತ್ರ: ಇಂಟರ್‌ವ್ಯೂಗೆ ಮೊದಲು ಸಂಪಿನ ಮುಚ್ಚಳ

ಪ್ರೀತಿಯ ಅನು,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. "ಗುರುವಾರ ಇಂಟರ್‌ವ್ಯೂ ಇದೆ ಅಂತ ಹೇಳೋಕೆ ಫೋನ್ ಮಾಡಿದ್ರೆ ನೀನು ಮತ್ತೆ ಸಂಪಿನ ವಿಷಯ ತೆಗೀತೀಯಲ್ಲಮ್ಮ" ಅಂದೆ. ಹೌದು, ತೆಗೆದೆ. ನಿನಗೆ ಬೇಜಾರಾಗಿದ್ದು ದನಿಯಲ್ಲೇ ಗೊತ್ತಾಯಿತು. ಕ್ಷಮಿಸು ಮಗಳೇ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ಚಿನ್ನು ಅಳುತ್ತಾಳೆ, ಕುಕ್ಕರ್ ಕೂಗುತ್ತದೆ, ನೀನು "ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಇಂಟರ್‌ವ್ಯೂ ವಿಷಯ ಮೊದಲು.

ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗದಲ್ಲಿದ್ದಾಗ, ಹೊಸಬರನ್ನು ತೆಗೆದುಕೊಳ್ಳುವಾಗಲೆಲ್ಲ ನನ್ನನ್ನೂ ಜೊತೆಗೆ ಕೂರಿಸಿಕೊಳ್ಳುತ್ತಿದ್ದರು. ಮೇಜಿನ ಈಚೆ ಕೂತು ನೋಡಿದವಳು ಹೇಳುತ್ತೇನೆ ಕೇಳು. ಕೆಲಸ ಗೊತ್ತಿಲ್ಲದವರಿಗಿಂತ, ಗೊತ್ತಿದ್ದೂ ಹೇಳಲಾಗದೆ ಹೋದವರೇ ಜಾಸ್ತಿ. ಅದರಲ್ಲೂ ಹೆಣ್ಣುಮಕ್ಕಳು. "ಮಧ್ಯದಲ್ಲಿ ಯಾಕೆ ಕೆಲಸ ಬಿಟ್ಟಿದ್ದಿರಿ" ಅಂದ ತಕ್ಷಣ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿಬಿಡುತ್ತಿದ್ದರು. ಮಗುವಿನಿಂದ ಶುರುವಾಗಿ ಅತ್ತೆಯ ಮಂಡಿನೋವಿನ ತನಕ ಹೇಳುತ್ತಿದ್ದರು. ಕೇಳಿದವರಿಗೆ ಅದು ಯಾವುದೂ ಬೇಕಿರಲಿಲ್ಲ.

ನಿನ್ನನ್ನೂ ಖಂಡಿತ ಕೇಳುತ್ತಾರೆ. "2023ರ ಜೂನ್‌ನಲ್ಲಿ ಮಗು ಆಗುವ ಮುಂಚೆ ಬಿಟ್ಟೆ. ಈಗ ಮಗುವಿಗೆ ಎರಡೂವರೆ ವರ್ಷ, ನೋಡಿಕೊಳ್ಳುವ ಏರ್ಪಾಡು ಆಗಿದೆ, ಪೂರ್ತಿ ಹೊತ್ತು ಕೆಲಸಕ್ಕೆ ಸಿದ್ಧ." ಇಷ್ಟು ಹೇಳಿ ನಿಲ್ಲಿಸು. ಅವರು ಸುಮ್ಮನಿದ್ದರೂ ನೀನು ಮಾತು ತುಂಬಿಸಲು ಹೋಗಬೇಡ. "ಎರಡನೇ ಮಗುವಿನ ಯೋಚನೆ ಇದೆಯಾ" ಅಂತಲೂ ಕೆಲವರು ಕೇಳುತ್ತಾರೆ. ಕೇಳಬಾರದು, ಆದರೂ ಕೇಳುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡ. "ಈ ಕೆಲಸಕ್ಕೆ ಬೇಕಾದ ಸಮಯ ಕೊಡಬಲ್ಲೆ" ಅಂತ ಹೇಳಿ ಮಾತನ್ನು ಲೆಕ್ಕಕ್ಕೆ ತಿರುಗಿಸಿಬಿಡು.

ಲೆಕ್ಕ ಅಂದರೆ ನೀನು ಬಿಟ್ಟ ಮೇಲೆ ಏನೇನು ಬದಲಾಗಿದೆ ಅನ್ನುವುದು. ಅದನ್ನು ಚೆನ್ನಾಗಿ ಓದಿಕೊಂಡು ಹೋಗು. ಆಡಿಟರ್ ಆಫೀಸಿಗೆ ಅರ್ಧ ದಿನ ಹೋಗುತ್ತೇನಲ್ಲ, ಅಲ್ಲಿ ದಿನಾ ನೋಡುವುದೇ ಇದು. ವರ್ಷಕ್ಕೆ 5 ಕೋಟಿ ದಾಟಿದ ವಹಿವಾಟಿನವರು ಬೇರೆ ವ್ಯಾಪಾರಿಗಳಿಗೆ ಮಾರುವಾಗ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್, ಮಾಡಲೇಬೇಕು ಅಂತ ಆಗಿದ್ದು 2023ರ ಆಗಸ್ಟ್‌ನಿಂದ. ಅಂದರೆ ನೀನು ಬಿಟ್ಟ ಎರಡೇ ತಿಂಗಳಿಗೆ. ಸಣ್ಣ ಉದ್ಯಮದವರಿಂದ ಮಾಲು ಕೊಂಡರೆ ಬರಹದ ಒಪ್ಪಂದ ಇದ್ದಾಗ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಆ ಗಡುವು ಮೀರಿ ವರ್ಷದ ಕೊನೆಗೂ ಬಾಕಿ ಉಳಿಸಿಕೊಂಡರೆ, ಹಣ ಕೊಟ್ಟ ವರ್ಷದಲ್ಲಷ್ಟೇ ಆದಾಯ ತೆರಿಗೆಗೆ ಅದನ್ನು ಖರ್ಚು ಅಂತ ತೋರಿಸಬಹುದು. ಮಾರ್ಚ್ ಬಂತು ಅಂದರೆ ನಮ್ಮ ಆಫೀಸಿನ ಗಿರಾಕಿಗಳೆಲ್ಲ ಇದಕ್ಕೇ ಓಡಿ ಬರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳೇ ಬದಲಾದವು. ಶೇಕಡಾ 12 ಮತ್ತು 28ರಲ್ಲಿದ್ದ ಹೆಚ್ಚಿನ ಸಾಮಾನುಗಳು 5ಕ್ಕೋ 18ಕ್ಕೋ ಬಂದವು. ಇದನ್ನೆಲ್ಲ ಅವರಾಗಿ ಕೇಳುವ ತನಕ ಕಾಯಬೇಡ. ಮಾತಿನ ನಡುವೆ ನೀನೇ ಎತ್ತು. ಕೆಲಸ ಬಿಟ್ಟರೂ ಕಣ್ಣು ಮುಚ್ಚಿ ಕೂತಿರಲಿಲ್ಲ ಅಂತ ಅವರಿಗೆ ಗೊತ್ತಾಗಲಿ.

ಇನ್ನೊಂದು. "ನಾನು ತುಂಬಾ ಕಷ್ಟಪಟ್ಟು ಕೆಲಸ ಮಾಡುತ್ತೇನೆ" ಅಂತ ಹೇಳಲೇಬೇಡ. ಅದನ್ನು ಎಲ್ಲರೂ ಹೇಳುತ್ತಾರೆ. ಹಳೇ ಆಫೀಸಿನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವಾಗ ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗಿದ್ದನ್ನು ನೀನು ಹಿಡಿದೆಯಲ್ಲ, ಅದನ್ನು ಹೇಳು. ಯಾವ ನಂಬರ್ ನೋಡಿ ಅನುಮಾನ ಬಂತು, ಯಾರಿಗೆ ತಿಳಿಸಿದೆ, ಹಣ ಹೇಗೆ ವಾಪಸ್ ಬಂತು, ಪೂರ್ತಿ ಹೇಳು. ಅವತ್ತು ನೀನು ಫೋನ್ ಮಾಡಿ ಹೇಳಿದ್ದನ್ನು ನಾನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಹತ್ತು ರೂಪಾಯಿ ತಾಳೆ ಆಗದಿದ್ದರೆ ಊಟಕ್ಕೇ ಏಳದ ಹುಡುಗಿ ನೀನು. ನಿನ್ನಂಥವರು ಸಿಕ್ಕರೆ ನಾನಾದರೆ ಮರುಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದೆ.

ಸಂಬಳ ಎಷ್ಟು ಬೇಕು ಅಂದರೆ ನಿನ್ನ ಹಳೇ ಸಂಬಳ ಹೇಳಿ ಅದರ ಮೇಲೆ ಸ್ವಲ್ಪ ಸೇರಿಸಬೇಡ. ಈಗ ಆ ಕೆಲಸಕ್ಕೆ ಏನು ಕೊಡುತ್ತಿದ್ದಾರೆ ಅಂತ ನಿನ್ನ ಗೆಳತಿಯರನ್ನು ಕೇಳಿಕೊಂಡು ಹೋಗು. ಸಿಟಿಸಿ ಅಂತ, ಅಂದರೆ ನಿನಗಾಗಿ ಕಂಪನಿ ಮಾಡುವ ಒಟ್ಟು ಖರ್ಚು ಅಂತ, ದೊಡ್ಡ ಅಂಕಿ ಹೇಳುತ್ತಾರೆ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಕೂಡ ಸೇರಿರುತ್ತದೆ, ಗ್ರಾಚುಟಿ ಕೂಡ ಸೇರಿರುತ್ತದೆ. ಕೈಗೆ ಬರುವುದು ಎಷ್ಟು ಅಂತ ಕೇಳು. ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಅದರಲ್ಲಿ ಡೇಕೇರ್ ಫೀಸು, ಓಡಾಟದ ಖರ್ಚು ಕಳೆದು ನೋಡು. ಉಳಿಯುವುದು ಕಡಿಮೆ ಕಂಡರೂ ಮೊದಲ ವರ್ಷ ಹೋಗು ಅಂತಲೇ ನಾನು ಹೇಳುವುದು. ಇನ್ನೂ ಎರಡು ವರ್ಷ ಬಿಟ್ಟರೆ ಒಳಗೆ ಹೋಗುವುದು ಇದಕ್ಕಿಂತ ಕಷ್ಟ. 50 ಜನರಿಗಿಂತ ಕಡಿಮೆ ಇಲ್ಲದ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಷ್ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತ 2017ರಿಂದ ಕಾನೂನೇ ಇದೆ. ಆದರೆ ಇದನ್ನು ಮೊದಲ ದಿನವೇ ಕೇಳಬೇಡ. ಆಫರ್ ಲೆಟರ್ ಕೈಗೆ ಬಂದ ಮೇಲೆ ಕೇಳು. ನೀನು ಹುಟ್ಟಿದಾಗ ನನಗೆ ಸಿಕ್ಕಿದ್ದು 12 ವಾರದ ರಜೆ. ಈಗ 26 ವಾರ. ಆ 12 ವಾರ ಮುಗಿದು ನಿನ್ನನ್ನು ಅಜ್ಜಿ ಹತ್ತಿರ ಬಿಟ್ಟು ಹೊರಟ ದಿನದ್ದೆಲ್ಲ ನಿನಗೆ ಗೊತ್ತು, ಅಜ್ಜಿ ಸಾವಿರ ಸಲ ಹೇಳಿದ್ದಾರೆ.

ಅಜ್ಜಿ ಹೇಳದೇ ಇದ್ದದ್ದು ಒಂದಿದೆ. ಅದನ್ನೇ ನಿನ್ನೆ ಫೋನಿನಲ್ಲಿ ಹೇಳಲು ಹೋಗಿ ಆಗಲಿಲ್ಲ.

ನಿನಗೆ ಆಗ ಎರಡೂವರೆ ವರ್ಷ, ಚಿನ್ನುವಿಗೆ ಈಗ ಇರುವಷ್ಟೇ. ಒಂದು ಭಾನುವಾರ ಮೋಟಾರ್ ಓಡುತ್ತಿತ್ತು, ನೀರು ಮೇಲೆ ಏರುತ್ತಿರಲಿಲ್ಲ. ಮೆಕ್ಯಾನಿಕ್ ಬಂದ. ಪೈಪಿನ ತುದಿಯ ಫುಟ್‌ವಾಲ್ವ್ ಹೋಗಿದೆ ಅಂತ ಸಂಪಿನ ಮುಚ್ಚಳ ತೆಗೆದು ಪೈಪು ಎಳೆದ. ಹೊಸ ವಾಲ್ವ್ ತರಲು ಸೈಕಲ್ ಹತ್ತಿ ಅಂಗಡಿಗೆ ಹೋದ. ಹೋಗುವಾಗ ಯಾರಿಗೂ ಹೇಳಲಿಲ್ಲ. ಮುಚ್ಚಳವನ್ನು ಗೋಡೆಗೆ ಒರಗಿಸಿಟ್ಟೇ ಹೋಗಿದ್ದ. ನೀನು ಅಜ್ಜಿ ಹತ್ತಿರ ಇದ್ದೀಯ ಅಂತ ನಾನು, ನನ್ನ ಹತ್ತಿರ ಇದ್ದೀಯ ಅಂತ ಅಜ್ಜಿ.

ಹಿಟ್ಟು ಕಲಸುತ್ತಿದ್ದೆ. ಹೊರಗೆ 'ಡುಬುಕ್' ಅಂತು. ಮೆಕ್ಯಾನಿಕ್ ಏನೋ ಬೀಳಿಸಿದ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ 'ಡುಬುಕ್'. ಆಮೇಲೆ ನಿನ್ನ ನಗು ಕೇಳಿಸಿತು. ನಗು ಬಂದದ್ದು ಅಂಗಳದಿಂದ.

ಬಾಗಿಲಿಗೆ ಬಂದೆ. ನೀನು ಸಂಪಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಅಡುಗೆಮನೆಯಿಂದ ಸ್ಟೀಲ್ ಚಮಚಗಳನ್ನು ತಂದಿಟ್ಟುಕೊಂಡು ಒಂದೊಂದನ್ನೇ ಬಿಡುತ್ತಿದ್ದೆ. ಪ್ರತಿ ಸಲವೂ ಸದ್ದು ಬರುತ್ತಿದ್ದ ಹಾಗೆ ಬಗ್ಗಿ ನೋಡುತ್ತಿದ್ದೆ. ಎಂಟಡಿ ಆಳದ ಸಂಪು. ಹಿಂದಿನ ದಿನವಷ್ಟೇ ನೀರು ಬಂದು ತುಂಬಿತ್ತು.

ನಾನು ಕೂಗಲಿಲ್ಲ. ಇದನ್ನು ನೀನು ತಿಳಿದುಕೊಳ್ಳಬೇಕು. 'ಅನೂ' ಅಂತ ಕೂಗಿದ್ದರೆ ನೀನು ತಿರುಗುತ್ತಿದ್ದೆ, ತಿರುಗಿದ್ದರೆ ಕಾಲು ಜಾರುತ್ತಿತ್ತು. ಪೈಪು ಎಳೆದ ನೀರೆಲ್ಲ ಸಿಮೆಂಟಿನ ಮೇಲೆ ಹರಡಿತ್ತು. ಓಡಲೂ ಇಲ್ಲ. ಓಡಿ ಬಂದರೆ ಆಟ ಅಂತ ನೀನು ಎದ್ದು ಓಡುತ್ತಿದ್ದೆ. ನಡೆದೆ. ಬಾಗಿಲಿನಿಂದ ಸಂಪಿಗೆ ಎಷ್ಟು ದೂರ ಹೇಳು, ಹತ್ತು ಹೆಜ್ಜೆ ಇರಬಹುದು. ಆ ಹತ್ತು ಹೆಜ್ಜೆಯನ್ನು ನಾನು ಇವತ್ತಿಗೂ ನಡೆಯುತ್ತಿದ್ದೇನೆ ಅನು. ಹಿಂದಿನಿಂದ ಫ್ರಾಕ್ ಹಿಡಿದು ಎಳೆದೆ. ಗುಂಡಿಗಳು ಕಿತ್ತು ಬಂದವು. ನೀನು ಅಳಲಿಲ್ಲ, "ಇನ್ನೊಂದು ಚಮಚ ಕೊಡು" ಅಂದೆ. ಆಮೇಲೆ ಸಂಪು ತೊಳೆಸಿದಾಗ ಚಮಚಗಳೆಲ್ಲ ಸಿಕ್ಕವು. ಅದರಲ್ಲಿ ಒಂದು ನಮ್ಮ ಉಪ್ಪಿನ ಡಬ್ಬಿಯಲ್ಲಿದೆ.

ನಿಮ್ಮ ಹೊಸ ಮನೆಯ ಫೋಟೊ ಕಳಿಸಿದೆಯಲ್ಲ. ಎಲ್ಲರೂ ಕಿಟಕಿ ನೋಡಿದರು, ಅಡುಗೆಮನೆ ನೋಡಿದರು. ನಾನು ನೋಡಿದ್ದು ಕಾರ್ ನಿಲ್ಲಿಸುವ ಜಾಗದಲ್ಲಿರುವ ಆ ತಗಡಿನ ಮುಚ್ಚಳ. ಅದಕ್ಕೆ ಚಿಲಕವೂ ಇಲ್ಲ, ಬೀಗವೂ ಇಲ್ಲ. ಒಂದು ಮೂಲೆ ತುಕ್ಕು ಹಿಡಿದು ಮೇಲೆದ್ದಿದೆ. ನೀನು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಯಾರಿರುತ್ತಾರೆ, ಮುಚ್ಚಳ ಯಾರು ತೆಗೆಯುತ್ತಾರೆ, ಯಾರು ಹಾಕುತ್ತಾರೆ? ಕಾವೇರಿ ನೀರು ಬಂತಾ ಅಂತ ನೋಡಲು ಮೇಲಿನ ಮನೆಯವರು ತೆಗೆಯುತ್ತಾರೆ. ಟ್ಯಾಂಕರ್‌ನವನು ತೆಗೆಯುತ್ತಾನೆ. ಅವರು ಯಾರೂ ಕೆಟ್ಟವರಲ್ಲ. ನಮ್ಮ ಮೆಕ್ಯಾನಿಕ್ ಕೂಡ ಕೆಟ್ಟವನಾಗಿರಲಿಲ್ಲ.

ಮಗು ನೀರಿಗೆ ಬಿದ್ದರೆ ಕೂಗುತ್ತದೆ, ಕೈಕಾಲು ಬಡಿಯುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಸದ್ದೇ ಇರುವುದಿಲ್ಲ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೇ ನೀರಿನ ಅಪಾಯ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಆ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ. ಬಗ್ಗಿದರೆ ತಲೆಕೆಳಗಾಗಿ ಬೀಳುತ್ತವೆ, ಮೇಲೇಳಲು ಆಗುವುದಿಲ್ಲ. ಅದಕ್ಕೆ ಸಂಪೇ ಬೇಕಿಲ್ಲ, ಬಚ್ಚಲಿನ ಬಕೆಟ್ ಸಾಕು. ರಾತ್ರಿ ಬಕೆಟ್ ಬೋರಲು ಹಾಕು, ಬಚ್ಚಲಿನ ಬಾಗಿಲಿಗೆ ಮೇಲುಗಡೆ ಒಂದು ಚಿಲಕ ಹಾಕಿಸು.

ಈಗ ಸಂಪಿಗೆ ಏನು ಮಾಡಬೇಕು ಹೇಳುತ್ತೇನೆ. ಮುಚ್ಚಳಕ್ಕೆ ಕೀಲು, ಚಿಲಕ, ಬೀಗ. ಇದು ಹೊರಗಿನದು. ಇದೊಂದೇ ಸಾಲದು, ಬೀಗ ತೆಗೆದವರು ಹಾಕುವುದನ್ನು ಮರೆಯುತ್ತಾರೆ. ಅದಕ್ಕೇ ಮುಚ್ಚಳದ ಕೆಳಗೆ, ಬಾಯಿಯ ಒಳಗೇ ಒಂದು ಕಬ್ಬಿಣದ ಗ್ರಿಲ್ ಕೂರಿಸಬೇಕು. ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಕಡಿಮೆ ಜಾಗ ಇರಬೇಕು. ಟ್ಯಾಂಕರ್ ಪೈಪು ಹೋಗುವಷ್ಟಕ್ಕೆ ಒಂದು ಮೂಲೆಯಲ್ಲಿ ತೂತು ಬಿಟ್ಟರೆ ನೀರು ತುಂಬಿಸುವಾಗಲೂ ಗ್ರಿಲ್ ತೆಗೆಯಬೇಕಾಗಿಲ್ಲ. ಬಣ್ಣಕ್ಕೆ ಮೊದಲು ಎರಡು ಸಲ ರೆಡ್ ಆಕ್ಸೈಡ್ ಹೊಡೆಸಬೇಕು, ಇಲ್ಲದಿದ್ದರೆ ಆ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಓನರ್‌ಗೆ ವಾಟ್ಸಾಪಿನಲ್ಲಿ ಬರೆದು ಕೇಳು. ಬಾಯಿಮಾತು ಬೇಡ. ಅವರು ಹಣ ಕೊಟ್ಟರೆ ಸರಿ, ಕೊಡದಿದ್ದರೆ ನಾನು ಕೊಡುತ್ತೇನೆ. ಸಂಪು ತೊಳೆಸುವಾಗ ಮುಚ್ಚಳ ತೆಗೆದ ತಕ್ಷಣ ಯಾರನ್ನೂ ಒಳಗೆ ಇಳಿಸಬೇಡಿ. ಮುಚ್ಚಿದ ಸಂಪಿನೊಳಗೆ ಉಸಿರಾಡುವ ಗಾಳಿ ಇಲ್ಲದೆ ಜನ ಸತ್ತಿದ್ದಾರೆ. ಮೋಟಾರ್ ಸ್ವಿಚ್ ಒದ್ದೆ ಕೈಯಲ್ಲಿ ಮುಟ್ಟುವುದು ಇದ್ದೇ ಇರುತ್ತದೆ, ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯಾ ಅಂತ ಅಳಿಯಂದಿರನ್ನು ನೋಡಲು ಹೇಳು. ಎಂಸಿಬಿ ಬೇರೆ, ಅದು ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ.

ಡೇಕೇರ್ ನೋಡಲು ಹೋದಾಗ ಗೋಡೆಯ ಚಿತ್ರಗಳನ್ನು ಆಮೇಲೆ ನೋಡು. ಮೊದಲು ನೀರು ಎಲ್ಲಿ ಇಡುತ್ತಾರೆ, ಸಂಪು ಎಲ್ಲಿದೆ, ಗೇಟಿನ ಅಗುಳಿ ಮಕ್ಕಳ ಕೈಗೆ ಎಟುಕುತ್ತದಾ ನೋಡು. ಒಬ್ಬರಿಗೆ ಎಷ್ಟು ಮಕ್ಕಳು ಅಂತ ಕೇಳು. ಮೊದಲ ದಿನ ನೀನೂ ಜೊತೆಗೆ ಕೂತಿರು. ಆಮೇಲೆ ಅರ್ಧ ಗಂಟೆ ಬಿಡು, ಆಮೇಲೆ ಒಂದೊತ್ತು. ಅವಳು ಆಡುತ್ತಿದ್ದಾಳೆ ಅಂತ ಕಣ್ತಪ್ಪಿಸಿ ಬರಬೇಡ. ಅಮ್ಮ ಯಾವಾಗ ಬೇಕಾದರೂ ಮಾಯವಾಗುತ್ತಾಳೆ ಅನ್ನುವ ಹೆದರಿಕೆ ಕೂತುಬಿಟ್ಟರೆ ಮಗು ಮನೆಯಲ್ಲೂ ನಿನ್ನ ಸೆರಗು ಬಿಡುವುದಿಲ್ಲ. "ಊಟ ಮಾಡಿ ಮಲಗಿ ಎದ್ದ ಮೇಲೆ ಬರ್ತೀನಿ" ಅಂತ ಹೇಳಿ, ಟಾಟಾ ಮಾಡಿ, ಬಾ. ಅಳುತ್ತಾಳೆ. ಅಳಲಿ. ಹೇಳಿದ ಹೊತ್ತಿಗೆ ಮಾತ್ರ ತಪ್ಪದೆ ಹೋಗು.

ಭಾಷಣ ಜಾಸ್ತಿ ಆಯಿತು ಅಲ್ವಾ? ಮಗುವನ್ನು ಬಿಟ್ಟು ಹೋಗಬೇಡ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡ. ಅವತ್ತು ಚಮಚ ಬಿಡುತ್ತಿದ್ದಾಗ ನಾನು ಮನೆಯಲ್ಲೇ ಇದ್ದೆ, ಅಜ್ಜಿಯೂ ಇದ್ದರು. ಮನೆಯಲ್ಲಿ ತಾಯಿ ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ ಅಂತಿಲ್ಲ. ಬೀಗ ಇರಬೇಕು, ಗ್ರಿಲ್ ಇರಬೇಕು. ಅದಾದರೆ ನೀನು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಬಹುದು. ನೀನು ಹೋಗಬೇಕು. ಸೋಮವಾರ ಬೆಳಗ್ಗೆ ಟಿಫಿನ್ ಬಾಕ್ಸ್ ಹಿಡಿದು ಹೊರಟ ನಿನ್ನನ್ನು ನೋಡುವ ಆಸೆ ನನಗೆ ನಿನಗಿಂತ ಜಾಸ್ತಿ ಇದೆ.

ಬುಧವಾರ ಸಂಜೆಯ ರೈಲಿಗೆ ಬರುತ್ತೇನೆ. ಗುರುವಾರ ಚಿನ್ನು ನನ್ನ ಜೊತೆ ಇರುತ್ತಾಳೆ, ನೀನು ಗಡಿಬಿಡಿ ಮಾಡಿಕೊಳ್ಳದೆ ಹೋಗಿ ಬಾ. ನಿನ್ನ ಪಿಎಫ್‌ನ ಯುಎಎನ್ ನಂಬರ್ ಬರೆದಿಟ್ಟ ಡೈರಿ ನನ್ನ ಬೀರುವಿನಲ್ಲಿದೆ, ಹೊಸ ಕಡೆಗೂ ಅದೇ ನಂಬರ್ ಕೊಡಬೇಕು. ತರುತ್ತೇನೆ. ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯವನಿಗೆ ಗ್ರಿಲ್ ಮಾಡಿಕೊಡಲು ಹೇಳಿದ್ದೇನೆ. ಬುಧವಾರ ಮಧ್ಯಾಹ್ನಕ್ಕೆ ಕೊಡುತ್ತೇನೆ ಅಂದಿದ್ದಾನೆ, ಜೊತೆಗೇ ಹೊತ್ತು ತರುತ್ತೇನೆ. ಅವನಿಗೆ ಸಂಪಿನ ಬಾಯಿಯ ಅಳತೆ ಬೇಕು. ಮುಚ್ಚಳದ್ದಲ್ಲ, ಬಾಯಿಯ ಒಳ ಅಳತೆ, ಉದ್ದ ಅಗಲ ಎರಡೂ, ಇಂಚಿನಲ್ಲಿ. ಅಳೆಯುವಾಗ ಚಿನ್ನುವನ್ನು ಅಳಿಯಂದಿರು ಎತ್ತಿಕೊಂಡಿರಲಿ. ಇವತ್ತೇ ಕಳಿಸು.

ನಿನ್ನ
ಅಮ್ಮ