ಕಣ್ಣಿನ ಪ್ರೆಷರ್ ಇಳೀತು, ಇವ್ರಿಗೆಲ್ಲ ಥ್ಯಾಂಕ್ಸ್ ಹೇಳ್ಲೇಬೇಕು

ಎಲ್ರಿಗೂ ನಮಸ್ಕಾರ. ನನ್ನ ಕಣ್ಣಿಗೆ ಮಾಡ್ಸಿದ ಲೇಸರ್ ಬಗ್ಗೆ ಸುಮಾರು ಜನ ಫೋನ್ ಮಾಡಿ ವಿಚಾರಿಸ್ತಿದ್ರಿ, ಒಬ್ಬೊಬ್ರಿಗೂ ಹೇಳೋ ಬದ್ಲು ಇಲ್ಲೇ ಬರೀತಿದೀನಿ. ಮೊನ್ನೆ ಚೆಕಪ್‌ನಲ್ಲಿ ಪ್ರೆಷರ್ ಬಲಗಣ್ಣು 19, ಎಡಗಣ್ಣು 18 ಬಂತು. ಲೇಸರ್‌ಗೆ ಮುಂಚೆ 27, 25 ಇತ್ತು. ಸಾಮಾನ್ಯವಾಗಿ ಇದು 10ರಿಂದ 21ರ ಒಳಗೆ ಇರುತ್ತಂತೆ.

ಮೊದಲ ಥ್ಯಾಂಕ್ಸ್ ಮೂಡಿಗೆರೆ ಕನ್ನಡಕದ ಅಂಗಡಿ ಹುಡುಗಿಗೆ. ತೋಟದ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವಾಗ ಅಂಕಿ ಮಸುಕಾಗ್ತಿತ್ತು ಅಂತ ಹೋಗಿದ್ದೆ, ಅವಳು ಸುಮ್ನೆ ಒಂದು ಕನ್ನಡಕ ಮಾರಿ ಕಳಿಸ್ಬೋದಿತ್ತು, ಅದು ಬಿಟ್ಟು 'ಅಂಕಲ್, ನಿಮ್ಮನೇಲಿ ಯಾರಿಗಾದ್ರೂ ಕಣ್ಣು ಹೋಗಿತ್ತಾ' ಅಂತ ಕೇಳಿದ್ಲು. ಅಪ್ಪಂಗೆ ಹೋಗಿತ್ತು ಅಂದೆ. 'ಹಂಗಾದ್ರೆ ಕನ್ನಡಕ ಆಮೇಲೆ, ಮೊದ್ಲು ಪ್ರೆಷರ್ ನೋಡಿಸ್ಕೊಂಡು ಬನ್ನಿ' ಅಂದ್ಬಿಟ್ಲು. ವ್ಯಾಪಾರ ಕಳ್ಕೊಂಡು ಹೇಳಿದ ಮಾತು ಅದು.

ಚಿಕ್ಕಮಗಳೂರಲ್ಲಿ ಡಾಕ್ಟ್ರು ಹಳದಿ ಡ್ರಾಪ್ಸ್ ಹಾಕಿ ನೀಲಿ ಲೈಟ್ ಕಣ್ಣಿಗೇ ತಾಗಿಸಿ ನೋಡಿದ್ರು, ಕರ್ಚೀಫೆಲ್ಲ ಅರಿಶಿನ ಬಣ್ಣ ಆಯ್ತು. ಗ್ಲಾಕೋಮಾ ಅಂದ್ರು, ಅಂದ್ರೆ ಸಾಮಾನ್ಯವಾಗಿ ಕಣ್ಣೊಳಗಿನ ಪ್ರೆಷರ್ ಏರಿ, ಕಣ್ಣಿನ ನರ ಹಾಳಾಗ್ತಾ ದೃಷ್ಟಿ ಹೋಗೋ ಕಾಯಿಲೆ. ಆಮೇಲೆ ಅವ್ರು ಕೇಳಿದ ಒಂದು ಪ್ರಶ್ನೆಗೆ ನಾನು ಯಾವತ್ತೂ ಋಣಿ: 'ದಮ್ಮು ಇದೆಯಾ?' ಇದೆ, ಚಳಿಗಾಲದಲ್ಲಿ ಇನ್‌ಹೇಲರ್ ಇಲ್ದೆ ಆಗಲ್ಲ. ಪ್ರೆಷರ್ ಇಳಿಸೋಕೆ ಕೊಡೋ ಟಿಮೋಲಾಲ್ ಅನ್ನೋ ಡ್ರಾಪ್ಸ್ ಕಣ್ಣಿಗೆ ಹಾಕಿದ್ರೂ ದಮ್ಮು ಜಾಸ್ತಿ ಮಾಡ್ಬೋದಂತೆ, ನಂಗಂತೂ ಗೊತ್ತೇ ಇರ್ಲಿಲ್ಲ ಮಾರಾಯ್ರೆ. ಬೇರೆ ಡ್ರಾಪ್ಸ್ ಕೊಟ್ರು, ಕಣ್ಣು ಕೆಂಡದ ಹಂಗೆ ಆಯ್ತು, ಅದಕ್ಕೆ ಲೇಸರ್‌ಗೆ ಮಂಗಳೂರಿಗೆ ಬರ್ಕೊಟ್ರು.

ಕಾಫಿ ಹಣ್ಣು ಕೊಯ್ಲಿನ ಮಧ್ಯೆ ತೋಟದ ಲೆಕ್ಕ ಬರೆಯೋ ರೈಟ್ರಿಗೆ ರಜೆ ಯಾರು ಕೊಡ್ತಾರೆ? ನಮ್ಮ ಯಜಮಾನ್ರು ರಜೆನೂ ಕೊಟ್ರು, ಚಾರ್ಮಾಡಿ ಇಳಿಯೋಕೆ ಜೀಪನ್ನೂ ಕೊಟ್ರು. ಮೇಸ್ತ್ರಿ ನನ್ನ ಬದ್ಲು ಹಾಜರಿ ಬರೆದ, ಒಂದು ಹೆಸ್ರೂ ತಪ್ಪಿಲ್ಲ.

ಲೇಸರ್ ಬಗ್ಗೆ ಹೆದರಿರೋರಿಗೆ ಹೇಳ್ಬೇಕು. ಇದಕ್ಕೆ ಎಸ್‌ಎಲ್‌ಟಿ ಅಂತಾರೆ. ಕಣ್ಣೊಳಗಿನ ನೀರು ಆಚೆ ಹೋಗೋ ಜಾಲರಿ ಸರಿಯಾಗಿ ಕೆಲ್ಸ ಮಾಡಲ್ಲ, ಕಾಫಿ ಒಣಗಿಸೋ ಕಣದ ಚರಂಡಿಗೆ ಎಲೆ ಕಟ್ಕೊಂಡಂಗೆ, ಅದಕ್ಕೇ ಪ್ರೆಷರ್ ಏರೋದು. ಆ ಜಾಲರಿ ಮೇಲೆ ಲೇಸರ್ ಬಿಡ್ತಾರೆ. ಮರಗಟ್ಟೋ ಡ್ರಾಪ್ಸ್ ಹಾಕಿ, ಜೆಲ್ ಹಚ್ಚಿದ ಲೆನ್ಸ್ ಕಣ್ಣಿಗಿಟ್ಟು, ಗದ್ದ ಊರಿ ಕೂರಿಸಿದ್ರು. ಹಸಿರು ಬೆಳಕು ಫಳ್ ಫಳ್ ಅನ್ನುತ್ತೆ, ಒಂದೊಂದು ಹೊಡೆತ ಸೆಕೆಂಡಿನ ಕೋಟಿಯಲ್ಲೊಂದು ಪಾಲೂ ಇಲ್ವಂತೆ. ಅಬ್ಬಬ್ಬಾ ಅಂದ್ರೆ ಹತ್ತು ನಿಮಿಷ. ಕುಯ್ಯೋದಿಲ್ಲ, ಹೊಲಿಯೋದಿಲ್ಲ, ನೋವು ಅನ್ನೋವಂಥದ್ದು ಏನಿಲ್ಲ. ಆಮೇಲೆ ಕೂರಿಸ್ಕೊಂಡು ಪ್ರೆಷರ್ ಇನ್ನೊಮ್ಮೆ ನೋಡಿ ಕಳಿಸಿದ್ರು. ನನ್ನ ತಲೆ ಹಿಂದಿಂದ ಹಿಡ್ಕೊಂಡು 'ಅಲ್ಲಾಡ್ಬೇಡಿ ಸರ್, ಆಯ್ತು ಆಯ್ತು' ಅಂತ ಕೊನೇ ತನಕ ಹೇಳ್ತಾ ಇದ್ದ ಸಿಸ್ಟರ್‌ಗೆ ದೊಡ್ಡ ನಮಸ್ಕಾರ.

ಅಲ್ಲಿನ ಡಾಕ್ಟ್ರು ಯಾವ ಆಸೆನೂ ಹುಟ್ಟಿಸ್ಲಿಲ್ಲ, ಅದೇ ನಂಗೆ ಇಷ್ಟ ಆಗಿದ್ದು. ಹೋಗಿರೋ ದೃಷ್ಟಿ ವಾಪಸ್ ಬರಲ್ಲ, ಉಳಿದಿರೋದನ್ನ ಕಾಪಾಡೋಕೆ ಇದು. ಪ್ರೆಷರ್ ನೂರಕ್ಕೆ 20ರಿಂದ 30ರಷ್ಟು ಇಳೀಬೋದು, ಪೂರ್ತಿ ಗೊತ್ತಾಗೋಕೆ ಒಂದೂವರೆ ತಿಂಗಳಾದ್ರೂ ಬೇಕು, ವರ್ಷಗಳು ಕಳೆದಂಗೆ ಪರಿಣಾಮ ಕಮ್ಮಿ ಆಗುತ್ತೆ, ಆಗ ಮತ್ತೆ ಮಾಡ್ಬೋದು. ಇಂಗ್ಲೆಂಡಲ್ಲಿ ಲೇಸರನ್ನೇ ಮೊದ್ಲು ಮಾಡಿ ನೋಡಿದ ಅಧ್ಯಯನ 2019ರಲ್ಲಿ ಬಂತಂತೆ, ಅದ್ರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮೂರು ವರ್ಷ ಆದ್ಮೇಲೂ ಡ್ರಾಪ್ಸ್ ಇಲ್ದೇನೇ ಇದ್ರು. ಎಲ್ಲಾ ಥರದ ಗ್ಲಾಕೋಮಾಗೂ ಇದು ಆಗಲ್ಲ, ಅದನ್ನ ಡಾಕ್ಟ್ರೇ ನೋಡಿ ಹೇಳ್ಬೇಕು.

ನಮ್ಮನೆಯವಳಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದ್ರೆ ಬೈತಾಳೆ, ಆದ್ರೂ ಹೇಳ್ತೀನಿ. ರಾತ್ರಿ ಒಂಬತ್ತಾದ್ರೆ ಸೀರಿಯಲ್ ಬಿಟ್ಟು ಎದ್ದು ಬಂದು ಡ್ರಾಪ್ಸ್ ಹಾಕ್ತಿದ್ಲು.

ಒಡಹುಟ್ಟಿದೋರು ಖಂಡಿತ ಚೆಕ್ ಮಾಡಿಸ್ಬೇಕು ಅಂತ ಡಾಕ್ಟ್ರು ಹೇಳಿದ್ರು. ತಮ್ಮ ಹೋಗ್ಬಂದ, ಅವನಿಗೂ ಪ್ರೆಷರ್ 24 ಇದೆ, ಇನ್ನೂ ನರಕ್ಕೇನೂ ಆಗಿಲ್ಲ. ಬಾಳೆಹೊನ್ನೂರಿನ ಅಕ್ಕ ಮಾತ್ರ ಇವತ್ತು ನಾಳೆ ಅಂತಿದಾಳೆ. ಅಕ್ಕಾ, ಇದನ್ನ ಓದ್ತಿದ್ರೆ ಕೇಳು, ಭಾನುವಾರ ಬಿಟ್ಟು ಯಾವ ದಿನ ಆಗುತ್ತೆ ಹೇಳು, ನಾನೇ ಬಂದು ಕರ್ಕೊಂಡು ಹೋಗ್ತೀನಿ.