ಧೂಳು ಕಾಣುವುದಿಲ್ಲ ಎಂದು ಬರೆದಿದ್ದೀಯಲ್ಲ

ಶನಿವಾರಸಂತೆ
ಮಂಗಳವಾರ ರಾತ್ರಿ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದ ಬಂದು ಎಂಟು ದಿನವಾಯಿತು. ಅಲ್ಲಿಯ ಸಿಮೆಂಟು ಕಾರ್ಖಾನೆಯ ರೂಮು, ಬಿಸಿಲು, ಮೇಲಿನವರ ಗದರಿಕೆ ಎಲ್ಲ ಬರೆದಿದ್ದೀಯ. ಮೂರನೇ ಪುಟದ ಕೊನೆಯಲ್ಲಿ ಒಂದು ಮಾತಿದೆ. 'ಬಂದ ಹೊಸದರಲ್ಲಿ ದಿನಕ್ಕೆ ಎರಡು ಸಲ ಮೇಜು ಒರೆಸುತ್ತಿದ್ದೆ ದೊಡ್ಡಪ್ಪ, ಈಗ ಧೂಳು ಕಣ್ಣಿಗೆ ಕಾಣುವುದೇ ಇಲ್ಲ, ಯಾಕೋ ಹೆದರಿಕೆಯಾಗುತ್ತೆ' ಅಂತ. ಅಷ್ಟು ಬರೆದು ನೀನು ಕ್ಯಾಂಟೀನಿನ ವಿಷಯಕ್ಕೆ ಹೋಗಿಬಿಟ್ಟೆ. ನನಗೆ ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ನಿನ್ನ ದೊಡ್ಡಮ್ಮ ಎರಡು ಸಲ ಊಟಕ್ಕೆ ಕರೆದಳಂತೆ, ನನಗೆ ಕೇಳಿಸಲಿಲ್ಲ.

ಯಾಕೆಂದರೆ ನನಗೂ ಹಾಗೇ ಆಗಿತ್ತು. ನಿನಗೆ ಹೆದರಿಕೆಯಾದರೂ ಆಯಿತು. ನನಗೆ ಅದೂ ಆಗಲಿಲ್ಲ.

1978ರಲ್ಲಿ ನಾನು ಸಿಮೆಂಟು ಕಾರ್ಖಾನೆಯ ಕೆಲಸಕ್ಕೆ ಕಲಬುರ್ಗಿ ಕಡೆಗೆ ಹೋದಾಗ ಸಿಮೆಂಟಿಗೆ ಸರ್ಕಾರದ ಪರ್ಮಿಟ್ಟು ಬೇಕಿತ್ತು. ಮನೆ ಕಟ್ಟುವವರು, ಕಾಫಿ ಕಣ ಮಾಡಿಸುವವರು ತಾಲ್ಲೂಕು ಕಚೇರಿ ಬಾಗಿಲು ಕಾಯುತ್ತಿದ್ದರು. ಕೊಡಗಿನಿಂದ ನಂಟರು ನನಗೇ ಕಾಗದ ಹಾಕುತ್ತಿದ್ದರು, ಹತ್ತು ಮೂಟೆಯಾದರೂ ಕೊಡಿಸು ಅಂತ. ನನ್ನ ಕೈಲಿ ಏನೂ ಇರಲಿಲ್ಲ, ಆದರೂ ಎದೆ ಉಬ್ಬುತ್ತಿತ್ತು. 1982ರಲ್ಲಿ ಅರ್ಧ ಸಡಿಲವಾಗಿ, 1989ರಲ್ಲಿ ಆ ಹಿಡಿತ ಪೂರ್ತಿ ಹೋಯಿತು. ಅಷ್ಟರಲ್ಲಿ ನಾನೊಂದು ಲೆಕ್ಕ ಕಲಿತಿದ್ದೆ. ಒಂದು ಟನ್ ಕ್ಲಿಂಕರಿಗೆ, ಅಂದರೆ ಅರೆದರೆ ಸಿಮೆಂಟಾಗುವ ಸುಟ್ಟ ಗಟ್ಟಿಗೆ, ಸುಮಾರು ಒಂದೂವರೆ ಟನ್ ಸುಣ್ಣದಕಲ್ಲು, ಗೂಡಿನೊಳಗೆ 1450 ಡಿಗ್ರಿ ಕಾವು, ಅಷ್ಟೆಲ್ಲ ಅರೆದು ಸುಟ್ಟ ಮೇಲೆ ಒಂದಿಷ್ಟು ಧೂಳು ಹಾರದೆ ಇರುತ್ತದೆಯೇ. ಕೇಳಿದವರಿಗೆಲ್ಲ ಇದನ್ನೇ ಹೇಳುತ್ತಿದ್ದೆ. ಲೆಕ್ಕ ಸುಳ್ಳಲ್ಲ. ಆದರೆ ಅದನ್ನು ಹೇಳಿ ಹೇಳಿಯೇ ನನ್ನ ಕಣ್ಣು ಹೋದದ್ದು ಅಂತ ಈಗ ಅನ್ನಿಸುತ್ತದೆ.

ಕಾರ್ಖಾನೆ ಆ ಊರಿಗೆ ಏನೂ ಮಾಡಲಿಲ್ಲ ಎಂದರೆ ಪಾಪ ಬರುತ್ತದೆ. ಭೂಮಿ ಕೊಟ್ಟ ಮನೆಗಳ ಹುಡುಗರಿಗೆ ಕೆಲಸ ಸಿಕ್ಕಿತು. ಬೇಸಿಗೆಯಲ್ಲಿ ಬಾವಿ ಬತ್ತಿದರೆ ನಮ್ಮ ಟ್ಯಾಂಕರ್ ಹೋಗುತ್ತಿತ್ತು. ರಾತ್ರಿ ಹೆರಿಗೆ ನೋವು ಬಂದರೆ ಎತ್ತಿನ ಗಾಡಿ ನಮ್ಮ ಆಸ್ಪತ್ರೆಗೇ ಬರುತ್ತಿತ್ತು, ಡಾಕ್ಟರು ಒಬ್ಬರನ್ನೂ ವಾಪಸ್ಸು ಕಳಿಸಿದ್ದು ನಾನು ಕಂಡಿಲ್ಲ. ನಮ್ಮ ಸೈರನ್ ಕೇಳಿ ಅಲ್ಲಿಯ ಹೆಂಗಸರು ರೊಟ್ಟಿ ತಟ್ಟಲು ಕೂರುತ್ತಿದ್ದರು. ಇದೆಲ್ಲ ಯಾವ ಕಾನೂನೂ ಇಲ್ಲದ ಕಾಲದಲ್ಲಿ. 2013ರ ಕಂಪನಿ ಕಾಯ್ದೆ ಬಂದು, ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡು ಪಾಲು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅಂತಾಗಿ, ಅದನ್ನು ನೋಡಿಕೊಳ್ಳುವ ನಿನ್ನಂಥವರಿಗೆ ಹುದ್ದೆ ಹುಟ್ಟಿತು. ಅದು ಒಳ್ಳೆಯದೇ. ಕೊಡುವುದು ಇಬ್ಬರ ಕಾಲದಲ್ಲೂ ಇತ್ತು ಪುಟ್ಟ, ನಾನು ಹೇಳುತ್ತಿರುವುದು ನೋಡುವುದನ್ನ.

1987ರ ಕಾರ್ತಿಕ. ನಾನಾಗ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿದ್ದೆ. ಚಿಮಣಿಗೆ ವಿದ್ಯುತ್ತಿನಿಂದ ಧೂಳು ಹಿಡಿಯುವ ಇಎಸ್‌ಪಿ ಯಂತ್ರ ಇತ್ತು, ಆದರೆ ಒಳಗೆ ಕಾರ್ಬನ್ ಮಾನಾಕ್ಸೈಡ್ ಏರಿದರೆ ಸಿಡಿಯದಿರಲೆಂದು ಅದು ತಾನೇ ಟ್ರಿಪ್ ಆಗುತ್ತಿತ್ತು. ಮತ್ತೆ ಹಾಕುವವರೆಗೆ ಧೂಳೆಲ್ಲ ನೇರ ಆಕಾಶಕ್ಕೆ. ಆ ವಾರ ರಾತ್ರಿ ರಾತ್ರಿ ಹಾಗಾಗಿತ್ತು, ಮೇಲೆ ಇಬ್ಬನಿ ಬೇರೆ. ಬೆಳಿಗ್ಗೆ ಒಬ್ಬ ರೈತ ಬಂದ. ರುಮಾಲಿನ ಚುಂಗಿನಲ್ಲಿ ಸುತ್ತಿಕೊಂಡಿದ್ದ ಒಂದು ತೊಗರಿ ಟೊಂಗೆಯನ್ನು ನನ್ನ ಮೇಜಿನ ಮೇಲೆ ಇಟ್ಟ. ಅರ್ಧ ಬಿರಿದ ಹಳದಿ ಹೂವು, ಅದರ ಮೇಲೆ ಬೂದುಬಣ್ಣದ ಹೆಕ್ಕಳ. ಉಗುರಿನಿಂದ ಎಬ್ಬಿಸಿದ, ಹೂವಿನ ಎಸಳೂ ಅದರ ಜೊತೆಗೇ ಎದ್ದು ಬಂತು. 'ಸಾಹೇಬ್ರ, ಇದ್ರಾಗ ನಿಮ್ದು ಯಾವ್ದು, ನಮ್ದು ಯಾವ್ದು, ನೀವೇ ಬ್ಯಾರೆ ಮಾಡಿ ಕೊಡ್ರಿ' ಅಂದ. ಸಿಟ್ಟಿನಿಂದಲ್ಲ, ನಿಜವಾಗಿ ಕೇಳಿದ.

ನಾನು ಅವನ ಹೆಸರು, ಸರ್ವೆ ನಂಬರು ಬರೆದುಕೊಂಡೆ. ಮೇಲಕ್ಕೆ ಕಳಿಸುತ್ತೇನೆ ಎಂದೆ, ಕಳಿಸಿದೆ ಕೂಡ. ಅವನು ಹೋದ ಮೇಲೆ ಮೇಜು ಒರೆಸಿ ಆ ಟೊಂಗೆಯನ್ನು ಬುಟ್ಟಿಗೆ ಹಾಕಿದೆ. ಅವನ ಹೊಲ ಗೇಟಿನಿಂದ ಒಂದು ಮೈಲಿಯೂ ಇರಲಿಲ್ಲ. ಮುಂದೆ ಇಪ್ಪತ್ತಮೂರು ವರ್ಷ ಅಲ್ಲೇ ಕೆಲಸ ಮಾಡಿದೆ. ಒಂದು ದಿನವೂ ಹೋಗಿ ನೋಡಲಿಲ್ಲ.

ರಿಟೈರಾಗಿ ಇಲ್ಲಿಗೆ ಬಂದ ಮೊದಲ ವರ್ಷ ಕಾಫಿಯ ಎಲೆತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದೆ. ಮೈಲುತುತ್ತ ಸುಣ್ಣ ಒಣಗಿ ಕಾಫಿ ಎಲೆಯ ಮೇಲೆ ಬೆಳ್ಳಗೆ ಕೂತಿತ್ತು. ಅದನ್ನು ಕಂಡು ಬೇಲಿ ಹತ್ತಿರ ಸುಮ್ಮನೆ ನಿಂತುಬಿಟ್ಟೆ. ಗಿಡ ಉಳಿಯಲಿ ಅಂತ ನಾವೇ ದುಡ್ಡು ಕೊಟ್ಟು ಹೊಡೆಸಿದ ಸುಣ್ಣ ಅದು. ಅವನ ತೊಗರಿಗೆ ಯಾರು ಕೇಳಿ ಹೊಡೆದಿದ್ದರು? ಪ್ರತಿ ಸಲ ಡ್ರಮ್ಮಿನಲ್ಲಿ ಸುಣ್ಣ ಕಲಸುವಾಗಲೂ ಆ ರುಮಾಲು ನೆನಪಾಗುತ್ತದೆ.

2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದು ಮನೆ ಹೋದವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಸಾಲಾಗಿ ಮನೆ ಎದ್ದವಲ್ಲ, ಜಂಬೂರಿಗೆ ನಾನು ಹೋಗಿದ್ದೆ. ಹೊಸ ಗೋಡೆ ಮುಟ್ಟಿ ನೋಡಿದೆ. ಸಿಮೆಂಟು ಬೇಡ ಎನ್ನುವ ಬಾಯಿ ನನಗಿಲ್ಲ. ನಮ್ಮ ಹಜಾರಕ್ಕೆ ಹಾಸಿರುವುದೂ ಆ ಕಲಬುರ್ಗಿ ಸೀಮೆಯ ಶಹಾಬಾದ್ ಕಲ್ಲೇ. ಅಲ್ಲಿ ಯಾರೋ ನೆಲ ಬಿಟ್ಟುಕೊಟ್ಟದ್ದರ ಮೇಲೆ ನಾವಿಲ್ಲಿ ಕೂತು ಕಾಫಿ ಕುಡಿಯುತ್ತೇವೆ.

ಏನು ಮಾಡಲಿ ಅಂತ ನೀನು ಕೇಳಿಲ್ಲ. ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ಆದರೂ ಒಂದೆರಡು ತೋಚುತ್ತಿದೆ, ತಪ್ಪಾದರೆ ಬಿಡು. ಕಾರ್ಯಕ್ರಮವಿಲ್ಲದ ದಿನ ಊರೊಳಗೆ ಹೋಗು, ಜೀಪು ಬೇಡ. ಅವರು ನೀರು ಕೊಟ್ಟರೆ ಕುಡಿ, ಬಾಟಲಿ ಹಿಡಿದುಕೊಂಡು ಹೋಗಬೇಡ. ಈಗ ಧೂಳು ಸೋಸುವ ಬ್ಯಾಗ್ ಫಿಲ್ಟರ್ ಬಂದು ಚಿಮಣಿ ಮೊದಲಿನ ಹಾಗಿಲ್ಲ ಅಂತ ಬರೆದಿದ್ದೀಯ, ಸಂತೋಷ. ಆದರೆ ಲಾರಿಗಳ ದಾರಿಯಲ್ಲಿರುವ ಮನೆಗಳ ಕಿಟಕಿ ಹೇಗಿದೆ? ಅಲ್ಲಿ ಯಾರದ್ದಾದರೂ ಮನೆಯಲ್ಲಿ ಒಂದು ರಾತ್ರಿ ಮಲಗಲು ಸಾಧ್ಯವೇ ನೋಡು. ನಿನಗೆ ಮುಜುಗರವಾಗಬಹುದು, ನಿನ್ನ ಮೇಲಿನವರು ಏನನ್ನುತ್ತಾರೋ ಅದೂ ನನಗೆ ತಿಳಿಯದು. ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಮಾಡಿಸಿಕೋ, ಇದು ನಿನ್ನ ದೊಡ್ಡಮ್ಮ ಹೇಳಿದ್ದು. ಮತ್ತೆ ಆ ಮೇಜು. ಅದನ್ನು ಮಾತ್ರ ಬೇರೆಯವರ ಕೈಲಿ ಒರೆಸಿಸಬೇಡ.

ಇನ್ನೊಂದು ಬರೆಯಬೇಕು, ಅದಕ್ಕೇ ಇಷ್ಟು ದಿನ ತಡವಾದದ್ದು. ನಿನ್ನ ಕಾಗದ ಓದಿದ ಮಾರನೇ ದಿನ ನಮ್ಮ ತೋಟದ ಆಳುಗಳು ಇರುವ ಲೈನ್‌ಮನೆ ಕಡೆ ಹೋದೆ. ಆಳುಗಳ ಸಂಬಳವನ್ನು ಕಣದಲ್ಲೇ ಕೊಡುವುದು, ಹಾಗಾಗಿ ಒಳಗೆ ಹೋಗಿ ಎಷ್ಟು ವರ್ಷವಾಯಿತೋ. ಮೂರನೇ ಮನೆಯಲ್ಲಿ ಒಲೆಯ ಮೇಲೆಯೇ ಮಾಡು ಸೋರುತ್ತಿದೆ. ಕೆಳಗೆ ಅಲ್ಯೂಮಿನಿಯಂ ಬೋಸಿ ಇಟ್ಟಿದ್ದಾರೆ, ಅದು ಇಟ್ಟಲ್ಲಿ ನೆಲ ದುಂಡಗೆ ಗುಳಿ ಬಿದ್ದಿದೆ. ಎಷ್ಟು ಮಳೆಗಾಲದಿಂದ ಇಟ್ಟಿದ್ದಾರೋ ಕೇಳಲು ಬಾಯಿ ಬರಲಿಲ್ಲ. ಆಯಮ್ಮನೇ 'ಅಯ್ಯಾ, ಅಲ್ಲಿ ನಿಲ್ಲಬೇಡಿ, ತಲೆ ಮೇಲೆ ಬೀಳುತ್ತೆ' ಅಂದು ನನ್ನನ್ನು ಪಕ್ಕಕ್ಕೆ ಕರೆದಳು. ನಿನಗೆ ಬುದ್ಧಿ ಹೇಳಲು ಕೂತವನ ಅಂಗಳದಲ್ಲೇ ಹೀಗಿದೆ ಪುಟ್ಟ.

ಮಳೆ ಎರಡು ದಿನದಿಂದ ಬಿಡುವು ಕೊಟ್ಟಿದೆ. ನಾಳೆ ಹಂಚು ತೆಗೆದು ಹೊದಿಸುವವರು ಬರುತ್ತಾರೆ, ಬೇಗ ಏಳಬೇಕು. ಕಾಫಿಪುಡಿ ಪಾರ್ಸಲ್ ಹಾಕಿದ್ದೇನೆ. ಅಲ್ಲಿ ತೊಗರಿ ಹೂವಿಗೆ ಬಂದಾಗ, ಗೇಟಿನ ಹತ್ತಿರದ ಹೊಲಕ್ಕೆ ಹೋಗಿ ಎಲೆ ತಿರುವಿ ನೋಡಿ, ಹೇಗಿದೆ ಅಂತ ಬರಿ.

ಇಂತಿ,
ನಿನ್ನ ದೊಡ್ಡಪ್ಪ