ಈ ಪೈಪ್ ಇವತ್ತೂ ಬೇಕಾ? ಕೊಡಗು ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ಕಳೆದ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಅಪ್ಪ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಅದಕ್ಕೆ ಮುಂಚೆ ಹಾಕಿದ ಮೂತ್ರದ ಪೈಪ್ ಹತ್ತು ದಿನ ಹಾಗೇ ಉಳಿಯಿತು. ಇನ್ನೂ ಯಾಕಿದೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹತ್ತನೇ ರಾತ್ರಿ ಮಂಚ ಅಲುಗಾಡುವಷ್ಟು ಚಳಿಜ್ವರ. ಅಪ್ಪನಿಗೆ ನನ್ನ ಗುರುತೇ ಹತ್ತಲಿಲ್ಲ. ಯಾವತ್ತೋ ತೋಟ ಬಿಟ್ಟುಹೋದ ಆಳುಗಳ ಹೆಸರು ಹಿಡಿದು ಕೂಗುತ್ತಿದ್ದರು. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಮಳೆಯಲ್ಲೇ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಆಂಬುಲೆನ್ಸ್‌ನಲ್ಲಿ ಹೊರಟೆವು.

ಅಪ್ಪ ಉಳಿದರು. ಆದರೆ ಒಂದು ವಿಷಯ ನನ್ನನ್ನು ಇವತ್ತಿಗೂ ಕಾಡುತ್ತದೆ. ಎಕ್ಸ್‌ರೇಗೆ ಕರೆದೊಯ್ಯುವಾಗ ಮೂತ್ರದ ಬ್ಯಾಗನ್ನು ಅವರ ಹೊಟ್ಟೆಯ ಮೇಲೆ ಇಟ್ಟವಳು ನಾನೇ. ಬ್ಯಾಗ್ ಮೂತ್ರಕೋಶಕ್ಕಿಂತ ಮೇಲಿದ್ದರೆ ಮೂತ್ರ ವಾಪಸ್ ಒಳಗೆ ಹರಿಯುತ್ತದೆ, ಜೊತೆಗೆ ರೋಗಾಣುಗಳೂ. ಹಾಗಂತ ನೆಲಕ್ಕೂ ತಾಗಬಾರದು. ಇದನ್ನು ರೋಗಿಯ ಕಡೆಯವರಿಗೆ ಹೇಳಲು ಎರಡು ನಿಮಿಷ ಸಾಕು, ಅಲ್ವಾ? ಆ ವಾರ್ಡಿನಲ್ಲಿ ಒಂದೇ ಜಗ್ಗಿಗೆ ಎಲ್ಲರ ಬ್ಯಾಗನ್ನೂ ಖಾಲಿ ಮಾಡುತ್ತಿದ್ದರು. ಬ್ಯಾಗಿನ ನಲ್ಲಿಯ ತುದಿ ಪ್ರತಿ ಸಲ ಜಗ್ಗಿನ ಅಂಚಿಗೆ ತಾಗುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಪಾತ್ರೆ ಇರಬೇಕಿತ್ತು.

ಸಿಸ್ಟರ್‌ಗಳನ್ನು ನಾನು ದೂರುವುದಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಇದ್ದರು. ಒಂದು ಮಂಚದಿಂದ ಇನ್ನೊಂದಕ್ಕೆ ಓಡುವವರಿಗೆ ಪ್ರತಿ ಸಲ ಕೈ ತೊಳೆಯಲು ಪುರುಸೊತ್ತು ಎಲ್ಲಿಂದ ಬರಬೇಕು? ಖಾಲಿ ಹುದ್ದೆಗಳನ್ನು ದಯವಿಟ್ಟು ಬೇಗ ತುಂಬಿಸಿ.

ಪೈಪ್ ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ರೋಗಾಣು ಸೇರುವ ಸಾಧ್ಯತೆ ಶೇ. 3ರಿಂದ 7ರಷ್ಟು ಏರುತ್ತಾ ಹೋಗುತ್ತದೆ. ಸುಮ್ನೆ ಆಂಟಿಬಯಾಟಿಕ್ ಕೊಡುತ್ತಾ ಹೋದರೆ ಇದು ತಪ್ಪುವುದಿಲ್ಲ. ಪೈಪ್ ಬೇಗ ತೆಗೆಯಬೇಕು. ಇರುವಷ್ಟು ದಿನ ತೊಡೆಗೆ ಅಂಟಿಸಿ ಎಳೆಯದಂತೆ ನೋಡಿಕೊಳ್ಳಬೇಕು, ಪೈಪ್ ಮತ್ತು ಬ್ಯಾಗಿನ ಜೋಡಣೆ ಬಿಚ್ಚಬಾರದು, ದಿನಾ ಸೋಪು ನೀರಲ್ಲಿ ಆ ಜಾಗ ತೊಳೆಯಬೇಕು. ಇದರಲ್ಲಿ ಯಾವುದಕ್ಕೂ ದೊಡ್ಡ ಯಂತ್ರ ಬೇಕಿಲ್ಲ.

ನಾನು ಮುಖ್ಯವಾಗಿ ಕೇಳುವುದು ಇಷ್ಟೇ. ಪ್ರತಿ ಬೆಳಗ್ಗೆ ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯಲಿ: ಈ ಪೈಪ್ ಇವತ್ತೂ ಬೇಕಾ, ಬೇಕಿದ್ದರೆ ಯಾಕೆ? ಬೇಡ ಅಂತಾದರೆ, ಡಾಕ್ಟರು ಮೊದಲೇ ಒಪ್ಪಿದ ನಿಯಮದ ಪ್ರಕಾರ ಸಿಸ್ಟರೇ ತೆಗೆಯಲಿ. ರೌಂಡ್ಸ್‌ಗೆ ಕಾಯುತ್ತಾ ಇನ್ನೊಂದು ದಿನ ಕಳೆಯುವುದು ಬೇಡ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ. ಅಲ್ಲಿಂದಲೇ ಶುರು ಮಾಡಿ, ವಿರಾಜಪೇಟೆ, ಸೋಮವಾರಪೇಟೆ ಆಸ್ಪತ್ರೆಗಳಿಗೂ ತನ್ನಿ.

ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಆರೋಗ್ಯ ಇಲಾಖೆಯ ಸರದಿ ಬಂದಾಗ ಈ ಒಂದು ಸಾಲಿನ ಬಗ್ಗೆ ಅಧಿಕಾರಿಗಳನ್ನು ಕೇಳಿ. ಅವರ ಉತ್ತರ ನಮಗೂ ತಿಳಿಯಲಿ.

ಇಂತಿ,
ಮಡಿಕೇರಿ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರ ಮಗಳು